ನೈಂಟಿ ಕ್ವಾರ್ಟರ್ ಆಗುವ ಬಗೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಮದ್ಯ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಈಗ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗಷ್ಟೇ ಸೀಮಿತವಾಗಿಲ್ಲ. ಮಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲೂ ನಡೆಯುತ್ತಿದೆ. ನಿಗದಿತ ಷರತ್ತು ಪೂರೈಸಿದವರಿಗೆ ಆರೋಗ್ಯ ವಿಮೆಯೂ ಸಿಗುತ್ತಿದೆ. ಇದರಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದು, ಮಂಡಿನೋವು ಇಳಿದದ್ದು, ನಿದ್ದೆಯಲ್ಲಿ ಉಸಿರು ಕಟ್ಟುವುದು ನಿಂತದ್ದು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದೆಲ್ಲ ನಿಜ, ಬರಲೇಬೇಕು. ಆದರೆ ಈ ಶಸ್ತ್ರಚಿಕಿತ್ಸೆ ಆದವರ ದೇಹದಲ್ಲಿ ಮದ್ಯ ಹೇಗೆ ವರ್ತಿಸುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಬಹಳ ಕಡಿಮೆ. ಆಸ್ಪತ್ರೆಗಳಲ್ಲೂ ಅಷ್ಟೇ. ಡಿಸ್ಚಾರ್ಜ್ ದಿನ ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ, ಹೊಲಿಗೆ, ಸ್ನಾನ ಎಲ್ಲದರ ಮಾತು ಮುಗಿದ ಮೇಲೆ, ಬಾಗಿಲ ಬಳಿ ಹೋದವರು ದನಿ ತಗ್ಗಿಸಿ, "ಡಾಕ್ಟ್ರೇ, ಡ್ರಿಂಕ್ಸ್ ಯಾವಾಗಿಂದ ತಗೋಬಹುದು?" ಎನ್ನುತ್ತಾರೆ. "ಸ್ವಲ್ಪ ದಿನ ಬೇಡ" ಎಂಬ ಉತ್ತರ ಸಿಗುತ್ತದೆ. ಈ ಉತ್ತರ ಸಾಲದು. ತೊಂದರೆ ಶುರುವಾಗುವುದೇ ಆ "ಸ್ವಲ್ಪ ದಿನ" ಮುಗಿದ ಮೇಲೆ.

ಮೊದಲು ಹೊಟ್ಟೆಯೊಳಗೆ ಏನು ಬದಲಾಗುತ್ತದೆ ಎಂದು ನೋಡಬೇಕು. ನಮ್ಮಲ್ಲಿ ಹೆಚ್ಚಾಗಿ ನಡೆಯುವ ಸ್ಲೀವ್ ವಿಧಾನದಲ್ಲಿ ಜಠರದ ಶೇ 75ರಿಂದ 80 ಭಾಗವನ್ನು ಕತ್ತರಿಸಿ ತೆಗೆದು, ಸುಮಾರು 100ರಿಂದ 150 ಮಿಲಿ ಹಿಡಿಯುವ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮಧ್ಯಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇದ್ದರೂ ಆಹಾರ ಅದರೊಳಗೆ ಹಾಯುವುದಿಲ್ಲ. ಮದ್ಯಸಾರದ ಒಂದು ಪಾಲನ್ನು ರಕ್ತ ಸೇರುವ ಮೊದಲೇ ಒಡೆಯುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಜಠರದ ಒಳಪದರದಲ್ಲಿರುತ್ತದೆ. ಜಠರವೇ ಕಿರಿದಾದಾಗ, ಇಲ್ಲವೇ ದಾರಿಯಿಂದ ಹೊರಗಾದಾಗ, ಈ ಕೆಲಸ ತಗ್ಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ವೇಗ. ಸಾಮಾನ್ಯ ಜಠರ ತಾನು ಹಿಡಿದಿಟ್ಟದ್ದನ್ನು ಸ್ವಲ್ಪಸ್ವಲ್ಪವೇ ಕೆಳಗೆ ಬಿಡುತ್ತದೆ. ಮದ್ಯ ಹೆಚ್ಚಾಗಿ ರಕ್ತ ಸೇರುವುದು ಸಣ್ಣ ಕರುಳಿನಲ್ಲಿ. ತಡೆಯುವ ಗೇಟೇ ಇಲ್ಲದ ಬೈಪಾಸ್ ಚೀಲದಿಂದ, ಹಿಗ್ಗುವ ಗುಣ ಕಳೆದುಕೊಂಡ ಸ್ಲೀವ್ ಕೊಳವೆಯಿಂದ, ಕುಡಿದದ್ದು ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಇಳಿದುಬಿಡುತ್ತದೆ. ಇದರ ಜೊತೆಗೆ ದೇಹದ ತೂಕ 30–40 ಕಿಲೋ ಇಳಿದಿರುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಅದರಲ್ಲಿನ ನೀರೂ ಒಂದಷ್ಟು ಹೋಗಿರುವುದರಿಂದ ಮದ್ಯಸಾರ ಹರಡಿಕೊಳ್ಳಲು ಇರುವ ಜಾಗವೂ ಕಡಿಮೆ.

ಇದರ ಪರಿಣಾಮವನ್ನು ರಕ್ತ ತೆಗೆದು ಅಳೆದಿದ್ದಾರೆ. 2015ರಲ್ಲಿ ಅಮೆರಿಕದ ಸಂಶೋಧಕರು ಬೈಪಾಸ್ ಆದ ಮಹಿಳೆಯರಿಗೆ ಅಲ್ಲಿನ ಲೆಕ್ಕದ ಸುಮಾರು ಎರಡು ಡ್ರಿಂಕ್‌ನಷ್ಟು ಮದ್ಯ ಕೊಟ್ಟು ನೋಡಿದರು. ಶಸ್ತ್ರಚಿಕಿತ್ಸೆ ಆಗದವರಿಗಿಂತ ಬೇಗ, ಮತ್ತು ಸುಮಾರು ಎರಡು ಪಟ್ಟು ಎತ್ತರಕ್ಕೆ, ರಕ್ತದ ಮದ್ಯಮಟ್ಟ ಏರಿತ್ತು. 2018ರಲ್ಲಿ ಸ್ಲೀವ್ ಆದವರಲ್ಲೂ ಹೆಚ್ಚುಕಡಿಮೆ ಇದೇ ಕಂಡಿತು. ಸ್ಲೀವ್‌ನಲ್ಲಿ ಕರುಳನ್ನು ಮುಟ್ಟುವುದಿಲ್ಲ, ಹಾಗಾಗಿ ಮದ್ಯದ ಭಯವಿಲ್ಲ ಎಂಬ ನಂಬಿಕೆ ನಮ್ಮ ಕೆಲವು ಆಸ್ಪತ್ರೆಗಳ ಮಾತಿನಲ್ಲಿ ಇನ್ನೂ ಉಳಿದಿದೆ. ಅದನ್ನು ಬಿಡಬೇಕು.

ಅಮೆರಿಕದ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಮದ್ಯಸಾರ. ನಮ್ಮ ಅಂಗಡಿಯ ವಿಸ್ಕಿ, ಬ್ರಾಂದಿ, ರಮ್ ಶೇ 42.8ರಷ್ಟು ಗಟ್ಟಿಯಾಗಿರುವುದರಿಂದ 30 ಮಿಲಿಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, 180ರ ಕ್ವಾರ್ಟರ್‌ನಲ್ಲಿ 60 ಗ್ರಾಂ ಇರುತ್ತದೆ. 650 ಮಿಲಿಯ ಸ್ಟ್ರಾಂಗ್ ಬಿಯರ್ ಶೇ 8ರದಾದರೆ ಅದೊಂದೇ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಸ್ಮಾಲ್. "ನಾನು ಬಿಯರ್ ಬಿಟ್ಟರೆ ಬೇರೇನೂ ಮುಟ್ಟೋದಿಲ್ಲ" ಎನ್ನುವವರು ಇದನ್ನು ಗಮನಿಸಬೇಕು. ಆ ಅಧ್ಯಯನಗಳಲ್ಲಿ ಕೊಟ್ಟ ಪ್ರಮಾಣ ನಮ್ಮ ನೈಂಟಿಗಿಂತ ತುಸುವೇ ಕಡಿಮೆ. ಹಾಗಾಗಿ ನಮ್ಮ ಜನರಿಗೆ ಹೇಳಬೇಕಾದ ಮಾತು ಇಷ್ಟು: ಆಪರೇಷನ್ ಆದ ಮೇಲೆ ನೈಂಟಿ ಕುಡಿದರೆ ತಲೆಗೆ ಏರುವುದು ಕ್ವಾರ್ಟರ್‌ನಷ್ಟು. ಅದೂ ಹತ್ತು ನಿಮಿಷದ ಆಸುಪಾಸಿನಲ್ಲಿ. ಮೊದಲು ಎಷ್ಟು ಕುಡಿದರೂ ಅಲುಗಾಡುತ್ತಿರಲಿಲ್ಲ ಎಂಬ ಹಳೆಯ ಅಂದಾಜು ಯಾವ ಕೆಲಸಕ್ಕೂ ಬಾರದು.

ಗಾಡಿ ಓಡಿಸುವ ವಿಷಯ ಇಲ್ಲೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಶಸ್ತ್ರಚಿಕಿತ್ಸೆ ಆದವರು ಎರಡು ಸ್ಮಾಲ್‌ನಲ್ಲೇ ಈ ಗಡಿ ದಾಟಿ ಬಹಳ ಮುಂದೆ ಹೋಗಬಹುದು. ಇನ್ನೊಂದು ಕಡೆ, ಉಸಿರಿನ ಪರೀಕ್ಷೆ ಇವರಲ್ಲಿ ರಕ್ತದ ನಿಜ ಮಟ್ಟಕ್ಕಿಂತ ಸುಮಾರು ಕಾಲುಭಾಗ ಕಡಿಮೆ ತೋರಿಸಿದ್ದನ್ನೂ, ಮಟ್ಟ ತುತ್ತತುದಿಗೆ ಏರಿದ ಕ್ಷಣವನ್ನೇ ತಪ್ಪಿಸಿಕೊಂಡದ್ದನ್ನೂ 2018ರ ಅದೇ ಅಧ್ಯಯನ ದಾಖಲಿಸಿದೆ. ಪೊಲೀಸರ ಯಂತ್ರ ಊದಿ ಪಾಸಾದದ್ದು ಓಡಿಸಲು ಯೋಗ್ಯ ಎಂಬುದಕ್ಕೆ ಪುರಾವೆಯಲ್ಲ. ಕುಡಿದ ದಿನ ಸ್ಟಿಯರಿಂಗ್ ಹಿಡಿಯಲೇಬಾರದು; ಇದರಲ್ಲಿ ಪ್ರಮಾಣದ ಚೌಕಾಸಿ ಬೇಡ.

ಇಷ್ಟು ಅಮಲಿನ ಮಾತಾಯಿತು. ಚಟದ ಮಾತು ಇದಕ್ಕಿಂತ ಗಂಭೀರ.

ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,945 ಜನರನ್ನು ಹಿಂಬಾಲಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ಮದ್ಯದ ತೊಂದರೆ ಇದ್ದವರು ಶಸ್ತ್ರಚಿಕಿತ್ಸೆಗೆ ಮುಂಚೆ ಶೇ 7.6, ಒಂದು ವರ್ಷದ ನಂತರ ಶೇ 7.3. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗಿಲ್ಲ ಎನಿಸುತ್ತಿತ್ತು. ಎರಡನೇ ವರ್ಷ ಅದು ಶೇ 9.6ಕ್ಕೆ ಏರಿತು. ಅದೇ ಗುಂಪನ್ನು ಇನ್ನೂ ಮುಂದಕ್ಕೆ ನೋಡಿದಾಗ, ಶಸ್ತ್ರಚಿಕಿತ್ಸೆಗೆ ಮುನ್ನಿನ ವರ್ಷ ಯಾವ ಲಕ್ಷಣವೂ ಇಲ್ಲದ ಬೈಪಾಸ್ ರೋಗಿಗಳಲ್ಲಿ ಐದು ವರ್ಷದೊಳಗೆ ಶೇ 20.8ರಷ್ಟು ಜನರಲ್ಲಿ ಮದ್ಯವ್ಯಸನದ ಲಕ್ಷಣ ಕಾಣಿಸಿಕೊಂಡಿತು. ಐವರಲ್ಲಿ ಒಬ್ಬರು. ಜಠರದ ಸುತ್ತ ಬ್ಯಾಂಡ್ ಕಟ್ಟಿಸಿಕೊಂಡವರಲ್ಲಿ ಇದು ಶೇ 11.3. ಬೈಪಾಸ್ ಆದವರು ಮದ್ಯದ ಕಾರಣಕ್ಕೆ ಆಸ್ಪತ್ರೆ ಸೇರುವುದು ಇತರ ವಿಧಾನದವರಿಗಿಂತ ಎರಡು ಪಟ್ಟಿಗೂ ಮಿಕ್ಕಿದೆ ಎಂದು ಸ್ವೀಡನ್ನಿನ ದಾಖಲೆಗಳೂ 2013ರಲ್ಲಿ ತೋರಿಸಿದವು. ಈ ಅಂಕಿಗಳನ್ನು ತಂದು ನಮ್ಮ ನಾಡಿಗೆ ಹಾಗೇ ಅಂಟಿಸಲಾಗದು. ಇಲ್ಲಿ ಕುಡಿಯುವವರ ಪ್ರಮಾಣವೂ ರೀತಿಯೂ ಬೇರೆ. ಆದರೆ ಜಠರಕ್ಕೆ ಮಾಡುವ ಮಾರ್ಪಾಡು ಒಂದೇ, ತೊಂದರೆ ಮೇಲೇರುವ ಕಾಲವೂ ಒಂದೇ ಎಂದು ಭಾವಿಸಿ ಎಚ್ಚರ ವಹಿಸುವುದು ವಿವೇಕ.

ಎರಡನೇ ವರ್ಷವೇ ಏಕೆ? ಮೊದಲ ಆರೆಂಟು ತಿಂಗಳು ಎಲ್ಲ ಹೊಸತು. ತೂಕ ವಾರವಾರ ಇಳಿಯುತ್ತದೆ, ಬಟ್ಟೆ ಸಡಿಲಾಗುತ್ತದೆ, ನೆಂಟರು ಹೊಗಳುತ್ತಾರೆ, ಆಸ್ಪತ್ರೆಗೆ ತಪ್ಪದೆ ಹೋಗುತ್ತಾರೆ, ಆಹಾರ ತಜ್ಞರ ಭಯವೂ ಇರುತ್ತದೆ. ವರ್ಷ ತುಂಬುವ ಹೊತ್ತಿಗೆ ತೂಕ ಒಂದು ಕಡೆ ನಿಲ್ಲುತ್ತದೆ. ಮದುವೆ, ಬೀಗರೂಟ, ಆಫೀಸಿನ ಪಾರ್ಟಿಗಳಿಗೆ ಹೋಗುವ ಹುಮ್ಮಸ್ಸು ಬಂದಿರುತ್ತದೆ. ಮನಸ್ಸಿಗೆ ಬೇಸರವಾದಾಗ ಮೊದಲಿನಂತೆ ತಟ್ಟೆ ತುಂಬ ತಿನ್ನಲಾಗದು. ಗ್ಲಾಸು ಮಾತ್ರ ಸುಲಭವಾಗಿ ಒಳಗೆ ಇಳಿಯುತ್ತದೆ. ಹಾಗೆಂದು ತಿನ್ನುವ ಚಟ ಹೋಗಿ ಕುಡಿಯುವ ಚಟ ಬಂತು ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ವಿವರಣೆಯೂ ಆಗದು. ಬೈಪಾಸ್ ಮಾಡಿದ ಇಲಿಗಳು ಮದ್ಯವನ್ನು ಹೆಚ್ಚು ಬಯಸುತ್ತವೆ. ಹೊಟ್ಟೆಯನ್ನು ಬಿಟ್ಟು ನೇರ ರಕ್ತನಾಳಕ್ಕೆ ಮದ್ಯ ಸಿಗುವಂತೆ ಮಾಡಿದಾಗಲೂ ಹೆಚ್ಚು ತೆಗೆದುಕೊಂಡವು. ಇಲಿಗೆ ಬೀಗರೂಟವೂ ಇಲ್ಲ, ಬೇಸರದ ಕಥೆಯೂ ಇಲ್ಲ. ಅಂದರೆ ಬೇಗ ಹೀರಿಕೊಳ್ಳುವುದಷ್ಟೇ ಅಲ್ಲ, ಕರುಳಿನ ಹಾರ್ಮೋನುಗಳ ಮೂಲಕ ಮಿದುಳಿನ ಸುಖದ ಕೇಂದ್ರವೂ ಬದಲಾಗುತ್ತಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಶಸ್ತ್ರಚಿಕಿತ್ಸೆಯ ನಂತರ ಕುಡಿತಕ್ಕೆ ಬಿದ್ದವರನ್ನು "ಲಕ್ಷಾಂತರ ಖರ್ಚು ಮಾಡಿಸಿ ಈಗ ಇದೊಂದು ಬಾಕಿ ಇತ್ತಾ" ಎಂದು ಮನೆಯವರು ಜರೆಯುತ್ತಾರೆ. ಆ ನಾಚಿಕೆಗೆ ಅವರು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಯಾರಿಗೆ ಹೆಚ್ಚು ಅಪಾಯ ಎಂಬುದೂ ಗೊತ್ತಿದೆ: ಗಂಡಸರು, ಕಿರಿಯ ವಯಸ್ಸಿನವರು, ಬೀಡಿ ಸಿಗರೇಟು ಸೇದುವವರು, ಮೊದಲಿನಿಂದಲೂ ವಾರಕ್ಕೆ ಎರಡು ಡ್ರಿಂಕ್ ಆದರೂ ತೆಗೆದುಕೊಳ್ಳುತ್ತಿದ್ದವರು, ಬೇರೆ ಮಾದಕ ವಸ್ತು ಬಳಸಿದವರು, ತಮ್ಮವರು ಎನ್ನಲು ಯಾರೂ ಇಲ್ಲದೆ ಒಂಟಿಯಾದವರು. ವಾರಕ್ಕೆ ಎರಡು ಎಂಬುದನ್ನು ನಮ್ಮಲ್ಲಿ ಯಾರೂ ಕುಡಿತ ಎಂದೇ ಕರೆಯುವುದಿಲ್ಲ. ಅಪಾಯದ ಗೆರೆ ಅಲ್ಲಿಂದಲೇ ಶುರು. ಇನ್ನು ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಬಹಳ. ಅವರನ್ನು ಈ ಪ್ರಶ್ನೆ ಕೇಳುವುದೇ ಅವಮಾನ ಎಂದುಕೊಂಡು ಫಾರಂನಲ್ಲಿ "ಇಲ್ಲ" ಎಂದು ತಾವೇ ಬರೆದುಕೊಳ್ಳುವ ಪದ್ಧತಿ ನಿಲ್ಲಬೇಕು. ಗಂಡ, ಅತ್ತೆ, ಅಮ್ಮ ಎದುರಿಗಿಲ್ಲದಾಗ, ಒಬ್ಬರೇ ಇರುವಾಗ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದನ್ನು ರೋಗಿಗಳೂ ಮನೆಯವರೂ ತಿಳಿಯಬೇಕು. ದಿನವೂ ಕುಡಿಯುವವರು ಅದನ್ನು ಮುಚ್ಚಿಟ್ಟು ಆಸ್ಪತ್ರೆ ಸೇರುತ್ತಾರೆ ಎಂದುಕೊಳ್ಳಿ. ಕುಡಿತ ಥಟ್ಟನೆ ನಿಂತದ್ದರಿಂದ, ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ಕಳವಳ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಭ್ರಮೆ, ಕೂಗಾಟ, ಟ್ಯೂಬು ಕಿತ್ತುಹಾಕುವುದು, ವಿಪರೀತ ಎದೆಬಡಿತ. ಸರಿಯಾಗಿ ಇದೇ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರು ಹೊಲಿಗೆಯ ಜಾಗ ಸೋರುತ್ತಿದೆಯೇ ಎಂದು ಕಾಯುತ್ತಿರುತ್ತಾರೆ. ಸೋರಿಕೆಯ ಮೊದಲ ಸೂಚನೆಯೂ ನಾಡಿ 120 ದಾಟುವುದೇ. ಎರಡೂ ಒಂದೇ ತೆರನಾಗಿ ಕಾಣುವಾಗ ಒಂದೋ ಬೇಡದ ಸ್ಕ್ಯಾನು, ಬೇಡದ ಮರುಶಸ್ತ್ರಚಿಕಿತ್ಸೆ. ಇಲ್ಲವೇ ನಿಜವಾದ ಸೋರಿಕೆಯನ್ನು ಕುಡಿತ ನಿಲ್ಲಿಸಿದ ಹಿಂಸೆ ಎಂದುಕೊಂಡು ಕಳೆದುಕೊಂಡ ಹೊತ್ತು. ಎರಡರಲ್ಲೂ ಪ್ರಾಣಕ್ಕೆ ಸಂಚಕಾರ. ಹೆದರಿ ಹಿಂದಿನ ದಿನ ಥಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯ. ನಿಜ ಹೇಳಿದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಮನೋವೈದ್ಯರ ನೆರವಿನಿಂದ, ಔಷಧ ಮತ್ತು ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು ಬಿಡಿಸಬಹುದು. ಅನುಮಾನವಿದ್ದಲ್ಲಿ ಫಾಸ್ಫಟಿಡೈಲ್ ಎಥೆನಾಲ್ ಎಂಬ ರಕ್ತಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರಗಳ ಕುಡಿತವನ್ನು ತೋರಿಸುತ್ತದೆ. ಆದರೆ ಪರೀಕ್ಷೆಯನ್ನು ಬೆದರಿಕೆಯಾಗಿ ಬಳಸಿದರೆ ರೋಗಿ ಅದು ಇಲ್ಲದ ಕಡೆಗೆ ಹೋಗುತ್ತಾರೆ, ಅಷ್ಟೇ.

ಈಗ ನಮ್ಮನ್ನು ಅತಿ ಹೆಚ್ಚು ಕಾಡುವ ಸಂಗತಿ, ಥಯಾಮಿನ್. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ. ಶಸ್ತ್ರಚಿಕಿತ್ಸೆ ಆದವರು ತಿನ್ನುವುದೇ ಕಡಿಮೆ. ಪಾಲಿಶ್ ಮಾಡಿದ ಅಕ್ಕಿಯ ಗಂಜಿಯಲ್ಲಿ ಥಯಾಮಿನ್ ಇಲ್ಲವೆಂದೇ ಹೇಳಬೇಕು. ವಾಂತಿಯಾದರೆ ಇರುವುದೂ ಹೊರಗೆ. ಮದ್ಯವಂತೂ ಅದು ಕರುಳಿನಲ್ಲಿ ಹೀರಿಕೆಯಾಗುವುದನ್ನೇ ತಡೆಯುತ್ತದೆ. ಇವೆಲ್ಲ ಕೂಡಿದಾಗ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಬರುತ್ತದೆ. ಮಾತಿನಲ್ಲಿ ಗೊಂದಲ, ನಡಿಗೆಯಲ್ಲಿ ತೂರಾಟ, ಕಣ್ಣುಗುಡ್ಡೆ ಅದುರುವುದು ಅಥವಾ ಎರಡೆರಡು ಕಾಣುವುದು ಇದರ ಮೂರು ಲಕ್ಷಣಗಳು. ಮೂರೂ ಒಟ್ಟಿಗೆ ಇರಲೇಬೇಕೆಂದಿಲ್ಲ, ಎಷ್ಟೋ ಸಲ ಒಂದೇ ಇರುತ್ತದೆ. ನೋಡುವವರ ಕಣ್ಣಿಗೆ ಇದು ಕುಡಿದವರ ತೂರಾಟದಂತೆಯೇ ಕಾಣುತ್ತದೆ. "ಮಲಗಲಿ, ಇಳಿಯುತ್ತೆ" ಎಂದು ಬಿಟ್ಟರೆ ಅಮಲು ಇಳಿಯಬಹುದು, ಈ ಕಾಯಿಲೆ ಇಳಿಯುವುದಿಲ್ಲ. ತಡವಾದರೆ ಹೊಸ ನೆನಪು ಉಳಿಯದ ಸ್ಥಿತಿ ಶಾಶ್ವತವಾಗುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ರೂಢಿ ನೇರವಾಗಿ ಹಾನಿ ಮಾಡುತ್ತದೆ. ಸುಸ್ತು ಎಂದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವುದು. ಗ್ಲೂಕೋಸನ್ನು ಉರಿಸಲು ಜೀವಕೋಶಗಳಿಗೆ ಥಯಾಮಿನ್ ಬೇಕು. ದಾಸ್ತಾನು ಬರಿದಾದವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಒಂದಿಷ್ಟೂ ಖರ್ಚಾಗಿ ಕಾಯಿಲೆ ಭುಗಿಲೇಳುತ್ತದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವರು ವಾಂತಿ, ಸುಸ್ತು, ಗೊಂದಲ ಎಂದು ಬಂದಾಗ, ಕುಡಿದಿರಲಿ ಬಿಡಲಿ, ಡ್ರಿಪ್ಪಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಬೇಕು. ವರ್ನಿಕೆಯ ಅನುಮಾನವಿದ್ದರೆ 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ ರಕ್ತನಾಳದ ಮೂಲಕ ಕೊಡುವುದು ರೂಢಿಯಲ್ಲಿರುವ ಪ್ರಮಾಣ. ಮೆಗ್ನೀಸಿಯಂ ಕೊರತೆ ಇದ್ದರೆ ಥಯಾಮಿನ್ ಕೆಲಸ ಮಾಡದು, ಅದನ್ನೂ ನೋಡಿ ಸರಿಪಡಿಸಬೇಕು. ಇದು ದುಬಾರಿ ಔಷಧವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಕೆಲಸ. ರಕ್ತಪರೀಕ್ಷೆಯ ವರದಿ ಬರಲೆಂದು ಕಾಯುವ ಅಗತ್ಯವೂ ಇಲ್ಲ. ಮಾತ್ರೆಯ ಮೂಲಕ ದಿನವೂ ಥಯಾಮಿನ್ ತೆಗೆದುಕೊಳ್ಳುವ ವಿಚಾರದಲ್ಲಿ, ಸಾಮಾನ್ಯ ಮಲ್ಟಿವಿಟಮಿನ್‌ನಲ್ಲಿರುವುದು ಇವರಿಗೆ ಸಾಲುವುದಿಲ್ಲ. ದಿನಕ್ಕೆ ಕನಿಷ್ಠ 12 ಮಿಲಿಗ್ರಾಂ ಬೇಕು, ಅಪಾಯ ಹೆಚ್ಚಿರುವವರಿಗೆ 50ರಿಂದ 100.

ಸಕ್ಕರೆ ಇಳಿಯುವುದು ಇನ್ನೊಂದು. ಬೈಪಾಸ್ ಆದ ಕೆಲವರಲ್ಲಿ, ಸಾಮಾನ್ಯವಾಗಿ ವರ್ಷ ಕಳೆದ ಮೇಲೆ, ಊಟವಾದ ಒಂದರಿಂದ ಮೂರು ಗಂಟೆಯಲ್ಲಿ ಇನ್ಸುಲಿನ್ ಅತಿಯಾಗಿ ಬಿಡುಗಡೆಯಾಗಿ ರಕ್ತದ ಸಕ್ಕರೆ ಕುಸಿಯುತ್ತದೆ. ಆಗ ಯಕೃತ್ತು ಹೊಸ ಗ್ಲೂಕೋಸ್ ತಯಾರಿಸಿ ಕೊಡಬೇಕು. ಮದ್ಯ ಆ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಕೋಲಾ ಬೆರೆಸಿದ ರಮ್ಮಿನಲ್ಲಿ ಎರಡೂ ಸೇರಿರುತ್ತವೆ: ಸಿಹಿ ಮೊದಲು ಏರಿಸುತ್ತದೆ, ಆಮೇಲೆ ಬೀಳುವಾಗ ಹಿಡಿಯುವವರಿಲ್ಲ. ಬೆವರು, ನಡುಕ, ತೊದಲು ಮಾತು, ಮಂಪರು ಇವೂ ಅಮಲಿನ ಹಾಗೇ ಕಾಣುತ್ತವೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಗ್ಲೂಕೋಸ್ ಪುಡಿಯ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇನ್ನೂ ಮುಂದುವರಿದಿದ್ದರೆ ಮದ್ಯ ಪೂರ್ತಿ ನಿಷಿದ್ಧ. ಅದೇ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಜೊತೆ ಅತಿಯಾಗಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ.

ಬೈಪಾಸ್‌ನಲ್ಲಿ ಚೀಲವನ್ನು ಕರುಳಿಗೆ ಜೋಡಿಸಿದ ಅಂಚಿನಲ್ಲಿ ಅಲ್ಸರ್ ಆಗುವುದು ಎಲ್ಲರಿಗೂ ಗೊತ್ತಿರುವ ತೊಡಕು. ಸಿಗರೇಟು ಇದರ ದೊಡ್ಡ ಕಾರಣ, ನೋವಿನ ಮಾತ್ರೆ ಇನ್ನೊಂದು. ಕುಡಿದ ಮರುದಿನ ತಲೆ ಸಿಡಿಯುತ್ತದೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ನುಂಗುವವರು ಬಹಳ. ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೊಡುತ್ತಾರೆ. ಜೋಡಣೆಯ ಅಂಚು ಮದ್ಯ, ಸಿಗರೇಟು, ನೋವಿನ ಮಾತ್ರೆ ಈ ಮೂರನ್ನೂ ಒಟ್ಟಿಗೆ ತಡೆದುಕೊಳ್ಳದು. ಮಲ ಡಾಂಬರಿನಂತೆ ಕಪ್ಪಾದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಇರಿದಂತೆ ನೋವು ಬಂದರೆ ಬೆಳಗಾಗಲೆಂದು ಕಾಯಬಾರದು.

ಕ್ಯಾಲರಿಯ ಮಾತು ಸಣ್ಣದು, ಆದರೂ ಹೇಳಬೇಕು. ಮದ್ಯಸಾರದ ಪ್ರತಿ ಗ್ರಾಮಿನಲ್ಲಿ 7 ಕ್ಯಾಲರಿ. ನೈಂಟಿಗೆ 210, ಕ್ವಾರ್ಟರ್‌ಗೆ 420. ದಿನಕ್ಕೆ 800–1,000 ಕ್ಯಾಲರಿಯಲ್ಲಿ 60ರಿಂದ 80 ಗ್ರಾಂ ಪ್ರೋಟೀನ್ ಹೊಂದಿಸಬೇಕಾದವರಿಗೆ ಇದು ಊಟದ ಜಾಗವನ್ನು ಕಸಿಯುತ್ತದೆ. ಜೊತೆಗಿನ ಕಡಲೆಬೀಜ, ಚಿಪ್ಸ್, ಕಬಾಬಿನ ಲೆಕ್ಕ ಬೇರೆ. ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಅನೇಕರಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿರುತ್ತದೆ. ತೂಕ ಇಳಿದಾಗ ಅದು ಚೇತರಿಸಿಕೊಳ್ಳುವ ಅವಕಾಶ ಸಿಕ್ಕಿರುತ್ತದೆ. ಆ ಅವಕಾಶವನ್ನು ಹಾಳುಮಾಡಿಕೊಳ್ಳುವುದು ದುಃಖದ ಸಂಗತಿ.

ಹಾಗಾದರೆ ಎಷ್ಟು ಕುಡಿಯಬಹುದು? ಶಸ್ತ್ರಚಿಕಿತ್ಸೆ ಆದವರು ಮದ್ಯವನ್ನು ಪೂರ್ತಿ ಬಿಡುವುದೇ ಒಳ್ಳೆಯದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೇಲೆ ಹೇಳಿದ ಅಪಾಯದ ಗುಂಪಿನವರಿಗೆ ಇದರಲ್ಲಿ ಆಯ್ಕೆಯಿಲ್ಲ. ಹಲವು ಕೇಂದ್ರಗಳು ಆರು ತಿಂಗಳಿಂದ ಒಂದು ವರ್ಷ ಬೇಡ ಎನ್ನುತ್ತವೆ. ಆ ಅವಧಿ ಹೊಲಿಗೆ ಗಟ್ಟಿಯಾಗಲು, ತೂಕ ಇಳಿಯಲು ಇರುವುದು. ಅದು ಮುಗಿದ ಮೇಲೆ ಮದ್ಯ ಸುರಕ್ಷಿತ ಎಂಬ ಅರ್ಥ ಅದಕ್ಕಿಲ್ಲ. ಇಷ್ಟು ಹೇಳಿದರೂ ಕೆಲವರು ಕುಡಿಯುತ್ತಾರೆ ಎಂಬುದು ಗೊತ್ತು. ಅಂಥವರು ವರ್ಷದೊಳಗೆ ಮುಟ್ಟದಿರಲಿ. ಆಮೇಲೂ ಒಂಟಿಯಾಗಿ, ಖಾಲಿ ಹೊಟ್ಟೆಯಲ್ಲಿ, ಬೇಸರ ಕಳೆಯಲೆಂದು ಕುಡಿಯದಿರಲಿ. ಪೆಗ್ ಅಳತೆಯ ಲೋಟದಲ್ಲಿ 30 ಮಿಲಿ ಅಳೆದು, ಸೋಡಾ ಕೋಲಾ ಬಿಟ್ಟು ಸಾದಾ ನೀರು ಬೆರೆಸಿ, ಗಂಟೆಗಟ್ಟಲೆ ಎಳೆದು ಅಲ್ಲಿಗೇ ನಿಲ್ಲಿಸಲಿ. ನಂತರ ಗಾಡಿ ಮುಟ್ಟದಿರಲಿ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಂಗಸರು ಇದನ್ನೂ ಮಾಡುವಂತಿಲ್ಲ. ತೂಕ ಇಳಿದಂತೆ ನಿಂತುಹೋಗಿದ್ದ ಮುಟ್ಟು ಮರಳಿ, ನಿರೀಕ್ಷೆಯಿಲ್ಲದೆಯೇ ಗರ್ಭ ನಿಲ್ಲುವುದು ಇವರಲ್ಲಿ ಸಾಮಾನ್ಯ.

ಕೊಡಗಿನಲ್ಲಿ, ಮಂಗಳೂರಿನ ಕ್ರಿಸ್ಮಸ್ ಹೊತ್ತಿನಲ್ಲಿ ಮನೆಯಲ್ಲೇ ಮಾಡುವ ವೈನನ್ನು ಎಷ್ಟೋ ಮಂದಿ ಮದ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಬಾಟಲಿಯ ಮೇಲೆ ಪ್ರಮಾಣದ ಚೀಟಿಯೂ ಇರುವುದಿಲ್ಲ. ಆಯುರ್ವೇದದ ಅರಿಷ್ಟ, ಆಸವಗಳಲ್ಲೂ ಹುದುಗಿನಿಂದ ತಾನಾಗಿಯೇ ಹುಟ್ಟಿದ ಮದ್ಯಸಾರವಿರುತ್ತದೆ, ಬಾಟಲಿಯ ಮೇಲೆ ಬರೆದಿರುತ್ತಾರೆ. ಔಷಧದ ಪ್ರಮಾಣದಲ್ಲಿ ಅದು ಅಮಲೇರಿಸದು. ಆದರೆ ಕುಡಿತ ಬಿಡಲು ಡೈಸಲ್ಫಿರಾಂ ಮಾತ್ರೆ ನುಂಗುತ್ತಿರುವವರಿಗೆ ಅಷ್ಟೂ ಸಾಕು, ಮುಖ ಕೆಂಪಾಗಿ, ರಕ್ತದೊತ್ತಡ ಕುಸಿದು, ವಾಂತಿ ಶುರುವಾಗಲು.

ಈ ಡೈಸಲ್ಫಿರಾಂ ಬಗ್ಗೆ ಇನ್ನೊಂದು ಮಾತು. ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ, ಕಾಫಿಯಲ್ಲಿ ಇದನ್ನು ಬೆರೆಸಿ ಕೊಡುವ ಮನೆಗಳಿವೆ. "ಗೊತ್ತಿಲ್ಲದೆ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತುಗಳ ಪುಡಿಯಲ್ಲಿ ಏನಿದೆಯೆಂದು ಕೊಂಡವರಿಗೂ ತಿಳಿಯದು. ಯಾರಿಗೂ ಇದು ಮಾಡಬಾರದ ಕೆಲಸ. ಜಠರದ ಶಸ್ತ್ರಚಿಕಿತ್ಸೆ ಆದವರಲ್ಲಿ ಮದ್ಯ ಥಟ್ಟನೆ ಏರುವುದರಿಂದ ಇದರ ಪ್ರತಿಕ್ರಿಯೆ ಪ್ರಾಣಕ್ಕೇ ಬರಬಹುದು. ಚಟಕ್ಕೆ ಸರಿಯಾದ ಚಿಕಿತ್ಸೆಯಿದೆ. ಕುಡಿಯುವ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ. ಅದನ್ನು ತೆಗೆದುಕೊಳ್ಳುವವರಲ್ಲಿ ಮಾರ್ಫಿನ್ ಗುಂಪಿನ ನೋವುನಿವಾರಕ ಕೆಲಸ ಮಾಡದು, ಆದ್ದರಿಂದ ಮುಂದೆ ಯಾವ ಶಸ್ತ್ರಚಿಕಿತ್ಸೆ ಇದ್ದರೂ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಕೊನೆಯದಾಗಿ, ಈ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಿಂದ ನಾವು ಬಯಸುವುದು. ಒಪ್ಪಿಗೆ ಪತ್ರದಲ್ಲಿ ಮದ್ಯದ ಬಗ್ಗೆ ಪ್ರತ್ಯೇಕ ಪ್ಯಾರಾ ಇರಲಿ, ಕನ್ನಡದಲ್ಲಿರಲಿ, ಮಿಲಿ ಲೆಕ್ಕದಲ್ಲಿರಲಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿಯ ಮೊದಲ ಮೂರು ಪ್ರಶ್ನೆಗಳು, ಅಂದರೆ ಎಷ್ಟು ಸಲ, ಒಮ್ಮೆಗೆ ಎಷ್ಟು, ಒಮ್ಮೆಗೆ ಆರು ಡ್ರಿಂಕ್ ಅಥವಾ ಅದಕ್ಕಿಂತ ಹೆಚ್ಚಾದದ್ದು ಎಷ್ಟು ಬಾರಿ ಎಂಬವನ್ನು ಕೇಳಲು ಎರಡು ನಿಮಿಷ ಸಾಕು. ಇವರಲ್ಲಿ ಮೂರೇ ಸ್ಮಾಲ್ ಆರರ ಕೆಲಸ ಮಾಡುವುದರಿಂದ ಬರೀ ಎಣಿಕೆಯನ್ನು ನಂಬಬೇಡಿ: ಹಿಂದಿನ ರಾತ್ರಿಯದು ನೆನಪಿಲ್ಲದಂತೆ ಆಗಿದೆಯೇ, ಬಿದ್ದು ಪೆಟ್ಟಾಗಿದೆಯೇ, ಮನೆಯವರು ಆತಂಕಪಟ್ಟಿದ್ದಾರೆಯೇ ಎಂದೂ ಕೇಳಿ. ಈ ಪ್ರಶ್ನೆಗಳು ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಮುಗಿಯುವುದಲ್ಲ. ಆರನೇ ತಿಂಗಳು, ಹನ್ನೆರಡನೇ ತಿಂಗಳು, ಹದಿನೆಂಟನೇ ತಿಂಗಳು, ಆಮೇಲೆ ಪ್ರತಿ ವರ್ಷ. ಭೇಟಿಗೆ ಬರುವುದನ್ನು ನಿಲ್ಲಿಸಿದವರಲ್ಲೇ ತೊಂದರೆ ಅಡಗಿರುವ ಸಾಧ್ಯತೆ ಹೆಚ್ಚು. ಹದಿನೆಂಟನೇ ತಿಂಗಳಿಗೆ ಬಾರದವರಿಗೆ ಆಸ್ಪತ್ರೆಯೇ ಫೋನ್ ಮಾಡಲಿ. ಡಿಸ್ಚಾರ್ಜ್ ಹೊತ್ತಿಗೆ ಪರ್ಸಿನಲ್ಲಿ ಇಡುವಷ್ಟು ಸಣ್ಣ ಕಾರ್ಡೊಂದನ್ನು ಕೊಡಲಿ. ಅದರಲ್ಲಿ ಆದ ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ಕರೆ ಮಾಡಬೇಕಾದ ಸಂಖ್ಯೆ, ಮತ್ತು ಊರಿನ ಡಾಕ್ಟರಿಗಾಗಿ ಎರಡು ಸಾಲು: "ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ ಕೊಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ."

ಇಂತಿ,
ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಆರೈಕೆಯಲ್ಲಿ ತೊಡಗಿರುವ ವೈದ್ಯರು, ಆಹಾರ ತಜ್ಞರು, ಶುಶ್ರೂಷಕರು ಮತ್ತು ಆಪ್ತಸಮಾಲೋಚಕರು
ಬೆಂಗಳೂರು